ಕರದ ಉಪಮೆಗಳು ಮತ್ತು ಸಿರಿವಂತರ ಪಾಲು

ಸಿರಿವಂತರಿಂದ ಸರ್ಕಾರವು ಹೆಚ್ಚಿನ ತೆರಿಗೆಯನ್ನು ಪಡೆದು, ಅದನ್ನು ಶಾಲೆ, ಆಸ್ಪತ್ರೆ, ಕುಡಿಯುವ ನೀರು ಮೊದಲಾದ ಸಾರ್ವಜನಿಕ ಸೇವೆಗಳಿಗೆ ವಿನಿಯೋಗಿಸಬೇಕೇ ಎಂಬುದು ಸಾಮಾನ್ಯವಾಗಿ ಅರ್ಥಶಾಸ್ತ್ರಜ್ಞರಿಗೆ ಬಿಟ್ಟುಕೊಟ್ಟಿರುವ ಪ್ರಶ್ನೆ. ಸಾಹಿತ್ಯದ ವಿದ್ಯಾರ್ಥಿಗೆ ಇದರಲ್ಲೇನು ಕೆಲಸ ಎಂದು ಕೇಳುವವರುಂಟು. ಆದರೆ ಈ ವಿಷಯವಾಗಿ ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ನಡೆಯುವ ವಾದಗಳನ್ನು ಗಮನವಿಟ್ಟು ಕೇಳಿದರೆ, ಅಂಕಿಸಂಖ್ಯೆಗಳಿಗಿಂತ ಮೊದಲು ಬರುವುದು ಉಪಮೆ ಎಂಬುದು ತಿಳಿಯುತ್ತದೆ. ತೆರಿಗೆಯನ್ನು ವಿರೋಧಿಸುವವರು ಹೂವನ್ನು ನೋಯಿಸದ ದುಂಬಿಯನ್ನು ನೆನೆಯುತ್ತಾರೆ. ಸಮರ್ಥಿಸುವವರು ನೀರನ್ನು ಹೀರಿ ಮಳೆಗರೆಯುವ ಸೂರ್ಯನನ್ನು ನೆನೆಯುತ್ತಾರೆ. ಉಪಮೆಯು ಅಲಂಕಾರವಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಇಲ್ಲಿ ಅದು ತೀರ್ಪನ್ನೇ ಕೊಟ್ಟುಬಿಡುತ್ತದೆ. ಆದುದರಿಂದ ಈ ಉಪಮೆಗಳು ಏನನ್ನು ತೋರಿಸುತ್ತವೆ, ಏನನ್ನು ಮರೆಮಾಡುತ್ತವೆ ಎಂಬುದನ್ನು ಪರೀಕ್ಷಿಸುವುದು ವಿಮರ್ಶೆಯ ಕರ್ತವ್ಯವೇ ಆಗಿದೆ.

೧

ಮೊದಲು ಪದಗಳನ್ನೇ ಗಮನಿಸೋಣ. ಕನ್ನಡದ ‘ತೆರಿಗೆ’ ಎಂಬ ಶಬ್ದವು ‘ತೆರು’ ಧಾತುವಿನಿಂದ ಬಂದುದು. ಬೆಲೆ ತೆರುತ್ತೇವೆ, ದಂಡ ತೆರುತ್ತೇವೆ, ಕೆಲವೊಮ್ಮೆ ಪ್ರಾಣವನ್ನೂ ತೆರುತ್ತೇವೆ. ಕೊಡುವವನ ಸಂತೋಷ ಈ ಕ್ರಿಯೆಯಲ್ಲಿ ಇಲ್ಲ. ಕೊಡಲೇಬೇಕಾದ ಋಣದ ಭಾವವಿದೆ. ‘ಸುಂಕ’ ಸಂಸ್ಕೃತದ ‘ಶುಲ್ಕ’ದಿಂದ ಬಂದು ದಾರಿಯ ಗಡಿಯಲ್ಲಿ ನಿಂತ ಪದ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಅವನ ನಿರ್ದಾಕ್ಷಿಣ್ಯವನ್ನು ಸಾರುತ್ತದೆ. ‘ಕರ’ ಎಂಬ ಶಬ್ದಕ್ಕೆ ಕೈ, ಕಿರಣ, ಕಂದಾಯ ಎಂಬ ಮೂರರ್ಥಗಳಿವೆ. ಅರಸನನ್ನು ಸೂರ್ಯನಿಗೆ ಹೋಲಿಸುವಾಗ ಸಂಸ್ಕೃತ ಕವಿಗಳಿಗೆ ಈ ಶ್ಲೇಷೆ ತಾನಾಗಿಯೇ ಒದಗಿಬರುತ್ತದೆ.

ನಮ್ಮ ಶಾಸನಗಳ ಭಾಷೆ ಇನ್ನೂ ಬೋಧಪ್ರದವಾದುದು. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಕರಗಳ ಹೆಸರುಗಳು ಬರುತ್ತವೆ. ಮಗ್ಗದ ಮೇಲೆ, ಗಾಣದ ಮೇಲೆ, ಮನೆಯ ಮೇಲೆ ತೆರೆಗಳಿದ್ದವು. ಇವುಗಳಿಂದ ವಿನಾಯಿತಿ ಕೊಟ್ಟ ದತ್ತಿಯನ್ನು ‘ಸರ್ವಬಾಧಾಪರಿಹಾರ’ವೆಂದು ಶಾಸನಗಳು ವರ್ಣಿಸುತ್ತವೆ. ತೆರಿಗೆಯೆಂದರೆ ಬಾಧೆ, ವಿನಾಯಿತಿಯೆಂದರೆ ಬಾಧೆಯಿಂದ ಬಿಡುಗಡೆ ಎಂಬ ಭಾವನೆ ಈ ಸಮಾಸದಲ್ಲಿ ಸ್ಪಷ್ಟವಾಗಿದೆ. ಹೀಗೆ ಬಿಡುಗಡೆ ಹೊಂದಿದವರು ಬಹುಮಟ್ಟಿಗೆ ಅಗ್ರಹಾರಗಳವರು, ದೇವಾಲಯಗಳವರು, ಮಠಮಾನ್ಯಗಳವರು. ಮಗ್ಗದವನೂ ಗಾಣದವನೂ ತೆರುತ್ತಲೇ ಉಳಿದರು. ವಿಜಯನಗರದ ಸದಾಶಿವರಾಯನ ಕಾಲದಲ್ಲಿ ನಾವಿಂದರ ತೆರಿಗೆಯನ್ನು ಮನ್ನಾ ಮಾಡಿದ ಶಾಸನಗಳಂಥವು ಇಲ್ಲದಿಲ್ಲ. ಅವು ನಮ್ಮ ಗಮನ ಸೆಳೆಯುವುದು ಅಪವಾದಗಳಾಗಿ. ವಿನಾಯಿತಿಯು ಬಡವನ ಹಕ್ಕಾಗಿರದೆ ಮಾನ್ಯನ ಗೌರವವಾಗಿತ್ತೆಂಬ ಈ ಇತಿಹಾಸವನ್ನು ನಾವು ಮುಂದೆಯೂ ನೆನಪಿನಲ್ಲಿಡಬೇಕು.

೨

ಪ್ರಾಚೀನ ನೀತಿಗ್ರಂಥಗಳಲ್ಲಿ ತೆರಿಗೆಯನ್ನು ಕುರಿತ ಉಪಮೆಗಳ ಒಂದು ಮಾಲೆಯೇ ಇದೆ. ಜಿಗಣೆ, ಕರು, ದುಂಬಿಗಳು ಸ್ವಲ್ಪಸ್ವಲ್ಪವಾಗಿ ಆಹಾರ ಪಡೆಯುವಂತೆ ಅರಸನು ಕರವನ್ನು ಪಡೆಯಬೇಕೆಂಬ ಹೋಲಿಕೆ ಮನುಸ್ಮೃತಿಯ ಏಳನೆಯ ಅಧ್ಯಾಯದಲ್ಲಿದೆ. ಮಹಾಭಾರತದ ಶಾಂತಿಪರ್ವವು ಇವುಗಳ ಜೊತೆಗೆ ಮರಿಯನ್ನು ಬಾಯಲ್ಲಿ ಕಚ್ಚಿ ಒಯ್ಯುವ ಹುಲಿಯನ್ನು ಸೇರಿಸುತ್ತದೆ. ಹೂಗಾರನಂತಿರಬೇಕು, ಇದ್ದಿಲು ಸುಡುವವನಂತೆ ಇರಬಾರದು ಎಂಬ ಎಚ್ಚರಿಕೆಯನ್ನೂ ಕೊಡುತ್ತದೆ. ಕಾಳಿದಾಸನು ರಘುವಂಶದ ಮೊದಲ ಸರ್ಗದಲ್ಲಿ ದಿಲೀಪನ ಕರಗ್ರಹಣವನ್ನು ಸಾವಿರಪಟ್ಟು ಮರಳಿಸಲೆಂದೇ ನೀರನ್ನು ಹೀರುವ ಸೂರ್ಯನಿಗೆ ಹೋಲಿಸಿರುವುದು ಪ್ರಸಿದ್ಧವಾಗಿದೆ.

ಈ ಉಪಮೆಗಳ ಗುಣವನ್ನು ಒಪ್ಪಿಕೊಳ್ಳಲೇಬೇಕು. ಅರಸನ ಅತ್ಯಾಸೆಗೆ ಇವು ಕಡಿವಾಣ. ಪಡೆದುದನ್ನು ಪ್ರಜೆಗಳಿಗೆ ಮರಳಿಸಬೇಕೆಂಬ ತತ್ತ್ವವನ್ನು ಸೂರ್ಯನ ಹೋಲಿಕೆ ಎತ್ತಿಹಿಡಿಯುತ್ತದೆ. ಆದರೆ ಇವುಗಳಲ್ಲಿ ಸಮಾನವಾದ ಒಂದು ದೋಷವಿದೆ. ಇವೆಲ್ಲವೂ ಪ್ರಜೆಯನ್ನು ಒಂದೇ ದೇಹವೆಂದು ಭಾವಿಸುತ್ತವೆ. ಹಸು ಒಂದು, ತೋಟ ಒಂದು. ಎಷ್ಟು ತೆಗೆದುಕೊಳ್ಳಬೇಕು, ಎಷ್ಟು ಮೆಲ್ಲಗೆ ತೆಗೆದುಕೊಳ್ಳಬೇಕು ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಯಾರಿಂದ ಹೆಚ್ಚು, ಯಾರಿಂದ ಕಡಿಮೆ ಎಂಬ ಪ್ರಶ್ನೆಗೆ ಈ ಉಪಮೆಗಳಲ್ಲಿ ಎಡೆಯಿಲ್ಲ. ದುಂಬಿಗೆ ತಾವರೆಯೂ ಒಂದೇ, ತುಂಬೆಯೂ ಒಂದೇ. ಸೂರ್ಯನು ಸಮುದ್ರದಿಂದಲೂ ಬಾವಿಯಿಂದಲೂ ಹೀರುತ್ತಾನೆ. ಆದರೆ ಬತ್ತುವುದು ಬಾವಿ ಮಾತ್ರ. ಈ ವ್ಯತ್ಯಾಸವನ್ನು ಹೋಲಿಕೆಯು ಕಾಣಿಸುವುದಿಲ್ಲ.

ಶಾಂತಿಪರ್ವದಲ್ಲಿ ಸಿರಿವಂತರ ಪ್ರಸ್ತಾಪ ಪ್ರತ್ಯೇಕವಾಗಿ ಬರುವುದುಂಟು. ಅರಸನು ಅವರನ್ನು ಊಟ, ಉಡುಗೆ, ವಾಹನಗಳಿಂದ ಸತ್ಕರಿಸಬೇಕು. ನನ್ನೊಡನೆ ನೀವೂ ಪ್ರಜೆಗಳನ್ನು ಅನುಗ್ರಹಿಸಿರಿ ಎಂದು ಕೇಳಿಕೊಳ್ಳಬೇಕು. ಅವರು ರಾಜ್ಯದ ದೊಡ್ಡ ಅಂಗ ಎಂಬುದು ಅಲ್ಲಿನ ಆಶಯ. ಸಿರಿವಂತನಿಗೆ ಪ್ರಜಾಪಾಲನೆಯಲ್ಲಿ ಪಾಲಿದೆಯೆಂಬ ತಿಳಿವಳಿಕೆ ಇಲ್ಲಿದೆ. ಆದರೆ ಆ ಪಾಲು ವಿನಂತಿಯ ರೂಪದಲ್ಲಿದೆ. ಮಗ್ಗದವನಿಗೆ ಆಜ್ಞೆ, ಧನಿಕನಿಗೆ ವಿನಂತಿ ಎಂಬ ಈ ಭೇದ ಎರಡು ಸಾವಿರ ವರ್ಷಗಳ ಅನಂತರವೂ ಪೂರ್ತಿಯಾಗಿ ಅಳಿದಿಲ್ಲ.

೩

ಹೆಚ್ಚು ಉಳ್ಳವನು ಹೆಚ್ಚು ತೆರಬೇಕೆಂಬುದು ಪಶ್ಚಿಮದಿಂದ ಬಂದ ಹೊಸ ವಿಚಾರವೆಂದು ಹೇಳುವವರಿದ್ದಾರೆ. ಈ ಮಾತಿಗೆ ಉತ್ತರ ಮೈಸೂರಿನಲ್ಲಿಯೇ ದೊರೆತಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಐದನೆಯ ಅಧಿಕರಣದಲ್ಲಿ ಬರಿದಾದ ಬೊಕ್ಕಸವನ್ನು ತುಂಬುವ ಪ್ರಕರಣವೊಂದಿದೆ. ಅಲ್ಲಿ ಚಿನ್ನ, ಬೆಳ್ಳಿ, ವಜ್ರ, ಮುತ್ತು, ಹವಳ, ಕುದುರೆ, ಆನೆಗಳ ವ್ಯಾಪಾರಿಗಳಿಗೆ ಐವತ್ತರ ಕರ; ನೂಲು, ಬಟ್ಟೆ, ತಾಮ್ರ ಮೊದಲಾದುವುಗಳವರಿಗೆ ನಲವತ್ತರದು; ಧಾನ್ಯ ಮೊದಲಾದುವುಗಳವರಿಗೆ ಮೂವತ್ತರದು; ಹೀಗೆ ಇಳಿಯುತ್ತ ಬಂದು ಕಟ್ಟಿಗೆ, ಬಿದಿರು, ಮಣ್ಣಿನ ಪಾತ್ರೆ, ಬೇಯಿಸಿದ ಅನ್ನ, ಕಾಯಿಪಲ್ಲೆ ಮಾರುವವರಿಗೆ ಐದರ ಕರ. ಈ ಸಂಖ್ಯೆಗಳ ಮಾನ ಯಾವುದೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೂ ಮುತ್ತು ಮಾರುವವನೂ ಮಡಕೆ ಮಾರುವವನೂ ಒಂದೇ ಅಳತೆಗೆ ಒಳಪಡಬಾರದೆಂಬ ಅರಿವು ಈ ಶ್ರೇಣಿಯಲ್ಲಿದೆ ಎಂದು ಸಾಮಾನ್ಯವಾಗಿ ಅರ್ಥೈಸಲಾಗಿದೆ.

ಕೌಟಿಲ್ಯನನ್ನು ಸಮಾನತೆಯ ಪ್ರವರ್ತಕನೆಂದು ಕರೆಯುವ ಆತುರ ಬೇಡ. ಇದು ಆಪತ್ಕಾಲದ ಉಪಾಯ. ಒಮ್ಮೆ ಮಾತ್ರ ಬಳಸಬೇಕು, ಎರಡನೆಯ ಸಲ ಕೂಡದು ಎಂದು ಅವನೇ ವಿಧಿಸುತ್ತಾನೆ. ಚಿನ್ನ ಕೊಟ್ಟ ಧನಿಕರಿಗೆ ಕೊಡೆ, ಮುಂಡಾಸು, ಆಭರಣಗಳ ಮರ್ಯಾದೆಯನ್ನು ಸಲ್ಲಿಸಬೇಕೆನ್ನುತ್ತಾನೆ. ಜನರನ್ನು ಮರುಳುಗೊಳಿಸಿ ಹಣ ಕೂಡಿಸುವ ಕಪಟೋಪಾಯಗಳೂ ಅದೇ ಪ್ರಕರಣದಲ್ಲಿವೆ. ಅವನ ಶ್ರೇಣಿ ನ್ಯಾಯದಿಂದ ಹುಟ್ಟಿದುದಲ್ಲ, ಬೊಕ್ಕಸದ ಅಗತ್ಯದಿಂದ ಹುಟ್ಟಿದುದು.

ನ್ಯಾಯದ ಉಪಮೆಯನ್ನು ಹುಡುಕುವವರು ಕನ್ನಡ ಶಾಸನಗಳಲ್ಲಿಯೇ ಇರುವ ಬೇರೊಂದು ಶಬ್ದದತ್ತ ನೋಡಬಹುದು. ಅದು ‘ಬಿತ್ತುವಟ್ಟ’. ಕೆರೆಯ ನೀರುಂಡ ಗದ್ದೆಗಳ ಫಲದಲ್ಲಿ ಒಂದು ಪಾಲನ್ನು ಆ ಕೆರೆಯ ರಕ್ಷಣೆಗೆಂದು ಮೀಸಲಿಡುವ ವ್ಯವಸ್ಥೆ ಇದು. ಹೂಳೆತ್ತುವುದು, ಏರಿಯನ್ನು ಭದ್ರಪಡಿಸುವುದು, ತೂಬನ್ನು ಸರಿಪಡಿಸುವುದು ಇಂಥ ಪಾಲಿನಿಂದ ನಡೆಯುತ್ತಿದ್ದವು. ಇಲ್ಲಿ ತೆರುವವನು ಅರಸನ ಹಸುವಲ್ಲ. ಕೆರೆಯಿಂದ ಉಪಕೃತನಾದ ಒಕ್ಕಲಿಗ. ಹೆಚ್ಚು ನೀರುಂಡು ಹೆಚ್ಚು ಬೆಳೆದವನ ಪಾಲು ಸಹಜವಾಗಿಯೇ ಹೆಚ್ಚು. ಆ ಪಾಲು ಸಲ್ಲದಿದ್ದರೆ ಏರಿ ಒಡೆಯುತ್ತದೆ. ಮೊದಲು ಮುಳುಗುವುದು ಕೆರೆಯ ಕೆಳಗಿನ ಗುಡಿಸಲು, ಆಮೇಲೆ ಒಣಗುವುದು ದೊಡ್ಡವನ ಗದ್ದೆ. ಈ ಕಾಲದ ಸಿರಿಗೂ ಹಿನ್ನೆಲೆಯಾಗಿ ಒಂದು ಕೆರೆಯಿದೆ. ನ್ಯಾಯಾಲಯವಿಲ್ಲದೆ ಒಪ್ಪಂದ ನಿಲ್ಲದು. ಸಾರ್ವಜನಿಕ ಶಾಲೆಗಳಲ್ಲಿ ಕಲಿತ ಕೆಲಸಗಾರರಿಲ್ಲದೆ ಉದ್ಯಮ ನಡೆಯದು. ರಸ್ತೆ, ಬಂದರು, ವಿದ್ಯುತ್ತುಗಳಿಲ್ಲದೆ ಸರಕು ಮಾರಾಟವಾಗದು. ಆ ಕೆರೆಯಿಂದ ಹೆಚ್ಚು ನೀರುಂಡವರು ಯಾರೆಂಬುದನ್ನು ಹೇಳಬೇಕಾಗಿಲ್ಲ.

೪

ಇಲ್ಲಿ ನಮ್ಮ ವಾಚಕರಲ್ಲಿ ಅನೇಕರು ಒಂದು ಆಕ್ಷೇಪವನ್ನು ಎತ್ತುವುದು ಸಹಜ. ಶರಣರು ದಾಸೋಹವನ್ನು ಬೋಧಿಸಿದ್ದಾರೆ; ಸಿರಿವಂತನು ಸ್ವಂತ ಅರಿವಿನಿಂದ ದಾಸೋಹ ಮಾಡಿದರೆ ಬಲವಂತದ ತೆರಿಗೆ ಏಕೆ? ಹೃದಯದಿಂದ ಬಂದುದು ಧರ್ಮ, ಕಾನೂನಿನಿಂದ ಬಂದುದು ದಂಡ ಎಂಬುದು ಈ ಪೂರ್ವಪಕ್ಷ.

ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ದಾನ ಮತ್ತು ದಾಸೋಹಗಳಿಗಿರುವ ಅಂತರವನ್ನು ಗಮನಿಸಬೇಕು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ಕೊಟ್ಟ ವಸ್ತು ಕೊಡುವವನ ಸ್ವತ್ತು. ದಾಸೋಹದಲ್ಲಿ ಕೊಡುವವನು ದಾಸ. ವಸ್ತು ತನ್ನದೆಂಬ ಅಭಿಮಾನವೇ ಅಲ್ಲಿ ಸಲ್ಲದು. ಈ ಭಾವವು ಮನಸ್ಸಿನಲ್ಲಿ ನೆಲೆಗೊಂಡರೆ ತೆರಿಗೆಯು ಬಾಧೆಯಾಗಿ ತೋರುವುದಿಲ್ಲ. ಆದುದರಿಂದ ದಾಸೋಹವನ್ನು ತೆರಿಗೆಗೆ ಎದುರಾಗಿ ನಿಲ್ಲಿಸುವವರು ಅದನ್ನು ಪುನಃ ದಾನದ ಮಟ್ಟಕ್ಕೆ ಇಳಿಸುತ್ತಿದ್ದಾರೆ. ನನ್ನದು, ನನಗೆ ಇಷ್ಟವಾದಾಗ, ಇಷ್ಟವಾದವರಿಗೆ, ಇಷ್ಟವಾದಷ್ಟು ಎನ್ನುವ ಮಾತು ದಾನಿಯದು; ದಾಸೋಹಿಯದಲ್ಲ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬಹುದು. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಾದುದನ್ನು ಮರಳಿ ಸುರಿದು ಬರುವಂತೆ ಹೇಳಿದಳು. ಅಗತ್ಯಕ್ಕೆ ಮೀರಿದುದು ತನ್ನದಲ್ಲವೆಂಬ ತತ್ತ್ವವನ್ನು ಈ ಕಥೆ ಪ್ರತಿಪಾದಿಸುತ್ತದೆಯೆಂದು ಉಪನ್ಯಾಸಗಳಲ್ಲಿ ಹೇಳುತ್ತಾರೆ, ಅದು ಸರಿಯೇ. ಆದರೆ ಇಲ್ಲಿ ‘ಹೆಚ್ಚಾಯಿತು’ ಎಂದು ಅಳೆದುಕೊಂಡವಳು ಬಡವಳು. ಆಯ್ದ ಅಕ್ಕಿಯಲ್ಲಿ ಬದುಕುವ ಮನೆಯಲ್ಲಿ ಹೆಚ್ಚಾದುದು ಕೂಡಲೇ ಕಣ್ಣಿಗೆ ಬೀಳುತ್ತದೆ. ಕಣಜಗಳು ತುಂಬಿದ ಮನೆಯಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ಅಲ್ಲಿ ಹೆಚ್ಚೆಂಬುದೇ ಇಲ್ಲ, ಇನ್ನಷ್ಟು ಎಂಬುದು ಮಾತ್ರ ಇದೆ. ಲಕ್ಕಮ್ಮನ ಅಳತೆ ಸಿರಿವಂತನ ಮನೆಯಲ್ಲಿ ತಾನಾಗಿ ಹುಟ್ಟದಿದ್ದಾಗ ಅಳೆಯುವವರಾರು? ಪ್ರಜಾಪ್ರಭುತ್ವದಲ್ಲಿ ಈ ಪ್ರಶ್ನೆಗಿರುವ ಉತ್ತರ, ಜನರ ಪ್ರತಿನಿಧಿಗಳು ಒಪ್ಪಿ ಮಾಡಿದ ಕಾನೂನು. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಬಾರದೆಂದು ಸಂವಿಧಾನದ ೨೬೫ನೆಯ ಅನುಚ್ಛೇದ ಹೇಳುತ್ತದೆ. ಸಂಪತ್ತು ಕೆಲವರಲ್ಲಿಯೇ ಕೇಂದ್ರೀಕೃತವಾಗಿ ಸಾಮಾನ್ಯರಿಗೆ ಹಾನಿಯಾಗದಂತೆ ನೋಡಿಕೊಳ್ಳಬೇಕೆಂದು ೩೯ನೆಯ ಅನುಚ್ಛೇದ ರಾಜ್ಯಕ್ಕೆ ನಿರ್ದೇಶಿಸುತ್ತದೆ.

ಸ್ವಯಂಪ್ರೇರಣೆಯ ಸಾಮರ್ಥ್ಯವನ್ನು ಕಡೆಗಣಿಸುವ ಉದ್ದೇಶ ಇಲ್ಲಿಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ವಿದ್ಯಾರ್ಥಿಗಳಿಗೆ ದೊರೆಯುತ್ತ ಬಂದಿರುವ ಅನ್ನ, ಅಕ್ಷರ, ಆಶ್ರಯಗಳೇ ಅದಕ್ಕೆ ಸಾಕ್ಷಿ. ಆದರೆ ದಾತೃವಿನ ಔದಾರ್ಯ ತಾನೊಂದೇ ನಿಲ್ಲುವುದು ವಿರಳ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಜಮ್‌ಷೆಟ್‌ಜಿ ಟಾಟಾ ಅವರ ದತ್ತಿಯಿಂದ ಹುಟ್ಟಿತೆಂಬುದು ಎಲ್ಲರಿಗೂ ತಿಳಿದಿದೆ. ಮೈಸೂರು ಸಂಸ್ಥಾನವು ಅದಕ್ಕೆ ೩೭೧ ಎಕರೆ ಭೂಮಿಯನ್ನು ಕೊಟ್ಟಿತೆಂಬುದನ್ನೂ, ಸಂಸ್ಥಾನದ ಮತ್ತು ಭಾರತ ಸರ್ಕಾರದ ಅನುದಾನಗಳು ಅದಕ್ಕೆ ಸಂದವೆಂಬುದನ್ನೂ ನೆನೆಯುವವರು ಕಡಿಮೆ. ಇಂದಿಗೂ ಧರ್ಮಸಂಸ್ಥೆಗಳ ಆದಾಯಕ್ಕೆ ಕಾನೂನಿನ ನಿಬಂಧನೆಗಳಿಗೆ ಒಳಪಟ್ಟು ವಿನಾಯಿತಿಯಿದೆ. ಅಂಗೀಕೃತ ಸಂಸ್ಥೆಗಳಿಗೆ ದೇಣಿಗೆ ಕೊಟ್ಟವರಿಗೂ ರಿಯಾಯಿತಿಯಿದೆ. ದಾನಿಯ ಹೆಸರನ್ನು ಹೊತ್ತ ಕಟ್ಟಡದ ಕಲ್ಲುಗಳಲ್ಲಿ ಕೆಲವು, ಹೆಸರಿಲ್ಲದ ತೆರಿಗೆದಾರರವು ಎಂದಾಯಿತು. ಇದರಲ್ಲಿ ನಾಚುವಂಥದೇನೂ ಇಲ್ಲ. ಆದರೆ ಅದನ್ನು ಅರಿತಿರುವುದು, ಅದಕ್ಕೆ ತಕ್ಕಂತೆ ಲೆಕ್ಕ ಒಪ್ಪಿಸುವುದು ಎಲ್ಲ ಸಂಸ್ಥೆಗಳ ಹೊಣೆ.

೫

ಎರಡನೆಯ ಪೂರ್ವಪಕ್ಷ ಕಾಯಕದ ಹೆಸರಿನಲ್ಲಿ ಬರುತ್ತದೆ. ಸಿರಿಯು ಕಾಯಕದ ಫಲ. ಅದರ ಮೇಲೆ ತೆರಿಗೆ ಹೆಚ್ಚಿಸಿದರೆ ದುಡಿಯುವವನನ್ನು ದಂಡಿಸಿದಂತೆ ಎಂಬುದು ಅದರ ಸಾರ. ಈ ವಾದವನ್ನು ಒಪ್ಪಿಕೊಂಡೇ ಅದು ಎಲ್ಲಿಗೆ ಒಯ್ಯುತ್ತದೆಂದು ನೋಡೋಣ.

ಕಾಯಕವೇ ಸ್ವತ್ತಿನ ಹಕ್ಕಿಗೆ ಆಧಾರವಾದರೆ, ಕಾಯಕವಿಲ್ಲದೆ ಬಂದ ಸ್ವತ್ತಿಗೆ ಆ ಆಧಾರವಿಲ್ಲ. ಪಿತ್ರಾರ್ಜಿತವಾಗಿ ಬಂದ ನೂರು ಕೋಟಿಯು ಮಗನ ಕಾಯಕವಲ್ಲ. ಭಾರತದಲ್ಲಿ ೧೯೫೩ರಲ್ಲಿ ಮರಣಶುಲ್ಕದ ಕಾನೂನು ಜಾರಿಗೆ ಬಂದಿತ್ತು. ಅದನ್ನು ೧೯೮೫ರಲ್ಲಿ ತೆಗೆದುಹಾಕಲಾಯಿತು. ಅಂದಿನಿಂದ ನಮ್ಮ ದೇಶದಲ್ಲಿ ಉತ್ತರಾಧಿಕಾರದ ಮೇಲೆ ತೆರಿಗೆಯೇ ಇಲ್ಲ. ಶಾಲೆಯ ಉಪಾಧ್ಯಾಯನ ಸಂಬಳದಿಂದ ತಿಂಗಳುತಿಂಗಳೂ ಆದಾಯ ತೆರಿಗೆಯನ್ನು ಮೊದಲೇ ಮುರಿದುಕೊಳ್ಳಬಹುದು. ಮಹಲನ್ನು ಬಳುವಳಿಯಾಗಿ ಪಡೆದವನು ಆ ಪಡೆದುದಕ್ಕಾಗಿ ಏನನ್ನೂ ತೆರಬೇಕಾಗಿಲ್ಲ. ದುಡಿಮೆಯ ಆದಾಯ ಮೇಲಿನ ಹಂತದಲ್ಲಿ ಶೇಕಡಾ ೩೦ರ ದರಕ್ಕೆ ಒಳಪಡುತ್ತದೆ. ಷೇರುಪೇಟೆಯ ಷೇರುಗಳನ್ನು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದ ಲಾಭಕ್ಕಾದರೋ, ೨೦೨೪ರ ಜುಲೈ ೨೩ರಿಂದ, ವರ್ಷಕ್ಕೆ ಒಂದೂಕಾಲು ಲಕ್ಷ ರೂಪಾಯಿಯ ವಿನಾಯಿತಿ ಕಳೆದು ಶೇಕಡಾ ೧೨.೫ರ ದರ. ಕಾಯಕವನ್ನು ಗೌರವಿಸುವ ಸಮಾಜವು ಕಾಯಕದ ಗಳಿಕೆಗೆ ಹೆಚ್ಚಿನ ದರವನ್ನೂ, ಕಾಯ್ದು ಕುಳಿತ ಗಳಿಕೆಗೆ ಕಡಿಮೆ ದರವನ್ನೂ ವಿಧಿಸುವುದು ಹೇಗೆ ಸರಿ? ಕಾಯಕತತ್ತ್ವವನ್ನು ತೆರಿಗೆಯ ವಿರುದ್ಧ ಬಳಸುವವರು ಈ ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ.

ಮೂರನೆಯ ಪೂರ್ವಪಕ್ಷ ಅನುಭವದ ಬಲವುಳ್ಳದ್ದು. ಹೆಚ್ಚು ತೆರಿಗೆ ಹಾಕಿ ನೋಡಿದ್ದಾಗಿದೆ, ಸಿರಿವಂತರು ಮರೆಮಾಚಿದರು, ಬೊಕ್ಕಸಕ್ಕೆ ಬಂದುದು ಅತ್ಯಲ್ಪ ಎಂಬುದು ಆ ವಾದ. ಇದರಲ್ಲಿ ಸತ್ಯಾಂಶವಿದೆ. ೧೯೭೩-೭೪ರಲ್ಲಿ ಆದಾಯ ತೆರಿಗೆಯ ಅತ್ಯುನ್ನತ ದರ ಅಧಿಭಾರವೂ ಸೇರಿ ಶೇಕಡಾ ೯೭.೭೫ ಆಗಿತ್ತು. ಮೇಲಿನ ಹಂತದ ನೂರು ರೂಪಾಯಿಯಲ್ಲಿ ಎರಡೂಕಾಲು ರೂಪಾಯಿ ಮಾತ್ರ ಗಳಿಸಿದವನಿಗೆ ಉಳಿಯಬೇಕೆಂದಾಗ ಕಪ್ಪುಹಣ ಬೆಳೆದುದರಲ್ಲಿ ಆಶ್ಚರ್ಯವಿಲ್ಲ. ನ್ಯಾಯಮೂರ್ತಿ ವಾಂಛೂ ಸಮಿತಿ ೧೯೭೧ರ ವರದಿಯಲ್ಲಿಯೇ ಈ ದರಗಳನ್ನು ಇಳಿಸಬೇಕೆಂದು ಸೂಚಿಸಿತ್ತು. ೧೯೭೪ರಲ್ಲಿ ದರ ಶೇಕಡಾ ೭೭ಕ್ಕೆ ಇಳಿಯಿತು. ಮರಣಶುಲ್ಕದ ವಿಷಯದಲ್ಲಿಯೂ ಹಾಗೆಯೇ. ಮೇಲಿನ ಹಂತದಲ್ಲಿ ಶೇಕಡಾ ೮೫ರ ದರವಿದ್ದರೂ, ಅದನ್ನು ರದ್ದುಪಡಿಸುವಾಗ ವಿ. ಪಿ. ಸಿಂಗ್ ಅವರು ಆಯವ್ಯಯ ಭಾಷಣದಲ್ಲಿ ಹೇಳಿದಂತೆ ಅದರ ಉತ್ಪತ್ತಿ ಸುಮಾರು ೨೦ ಕೋಟಿ ರೂಪಾಯಿ ಮಾತ್ರ.

ಆದರೆ ಈ ಇತಿಹಾಸದಿಂದ ಕಲಿಯಬೇಕಾದ ಪಾಠ ಯಾವುದು? ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ಅವರು ೧೯೫೬ರಲ್ಲಿಯೇ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಇದನ್ನು ಮುಂಗಂಡಿದ್ದರು. ಆದಾಯ ತೆರಿಗೆಯ ಅತ್ಯುನ್ನತ ದರ ಶೇಕಡಾ ೪೫ನ್ನು ಮೀರಬಾರದು. ಅದರ ಜೊತೆಗೆ ಸಂಪತ್ತು, ಬಂಡವಾಳದ ಲಾಭ, ಕೊಡುಗೆ, ವೈಯಕ್ತಿಕ ವೆಚ್ಚ ಇವುಗಳ ಮೇಲೂ ತೆರಿಗೆಯಿದ್ದು, ಒಂದರ ಲೆಕ್ಕ ಮತ್ತೊಂದನ್ನು ಪರಿಶೀಲಿಸುವಂತಿರಬೇಕು ಎಂಬುದು ಅವರ ಸಲಹೆ. ದರ ಮಿತವಾಗಿರಲಿ, ಬಲೆಯಲ್ಲಿ ತೂತಿರದಿರಲಿ ಎಂದು ಅದನ್ನು ಸಂಗ್ರಹಿಸಬಹುದು. ಸರ್ಕಾರವು ೧೯೫೭ರಲ್ಲಿ ಸಂಪತ್ತಿನ ತೆರಿಗೆ ಮತ್ತು ವೆಚ್ಚದ ತೆರಿಗೆಗಳ ಕಾನೂನುಗಳನ್ನೂ, ೧೯೫೮ರಲ್ಲಿ ಕೊಡುಗೆ ತೆರಿಗೆಯ ಕಾನೂನನ್ನೂ ತಂದಿತು. ಆದರೆ ಆದಾಯ ತೆರಿಗೆಯ ದರವನ್ನು ಅವರು ಹೇಳಿದ ಮಿತಿಗೆ ಇಳಿಸಲಿಲ್ಲ. ಬಲೆಯ ತೂತುಗಳನ್ನೂ ಮುಚ್ಚಲಿಲ್ಲ. ಸಂಪತ್ತಿನ ತೆರಿಗೆಯಿಂದ ೧೯೯೩ರಲ್ಲಿ ಷೇರು ಮೊದಲಾದ ಹಣಕಾಸಿನ ಸ್ವತ್ತುಗಳನ್ನೇ ಹೊರಗಿಡಲಾಯಿತು. ಒಡವೆ, ಕಾರು, ನಗರದ ನಿವೇಶನಗಳಂಥವು ಉಳಿದುವು; ದೊಡ್ಡ ಸಿರಿಯ ಮುಖ್ಯಭಾಗ ಲೆಕ್ಕದಿಂದ ಜಾರಿತು. ೨೦೧೩-೧೪ರಲ್ಲಿ ಇಡೀ ದೇಶದಿಂದ ಬಂದ ಸಂಪತ್ತಿನ ತೆರಿಗೆ ೧,೦೦೮ ಕೋಟಿ ರೂಪಾಯಿ. ಉತ್ಪತ್ತಿ ಕಡಿಮೆ, ವಸೂಲಿಯ ವೆಚ್ಚ ಹೆಚ್ಚು ಎಂಬ ಕಾರಣದಿಂದ ೨೦೧೫ರಲ್ಲಿ ಅದನ್ನೂ ರದ್ದುಪಡಿಸಲಾಯಿತು. ಬದಲಿಗೆ ಒಂದು ಕೋಟಿ ರೂಪಾಯಿಗೆ ಮೀರಿದ ಆದಾಯವುಳ್ಳವರ ಅಧಿಭಾರವನ್ನು ಶೇಕಡಾ ೨ರಷ್ಟು ಏರಿಸಿದರು. ಏರಿಯಲ್ಲಿ ತೂತುಗಳನ್ನು ಬಿಟ್ಟು, ಅನಂತರ ಕೆರೆಯಲ್ಲಿ ನೀರು ನಿಲ್ಲದೆಂದು ಕೆರೆಯನ್ನೇ ಮುಚ್ಚಿದ ಹಾಗೆ ಇದು. ಸಿರಿವಂತರ ಮೇಲಿನ ತೆರಿಗೆ ಸಾಧ್ಯವಿಲ್ಲವೆಂದು ಈ ಇತಿಹಾಸ ಸಿದ್ಧಪಡಿಸಿಲ್ಲ. ಹೆಸರಿಗೆ ಉಗ್ರವಾಗಿ, ಆಚರಣೆಯಲ್ಲಿ ಸಡಿಲವಾಗಿದ್ದ ತೆರಿಗೆ ಸಾಧ್ಯವಿಲ್ಲವೆಂಬುದನ್ನಷ್ಟೇ ಸಿದ್ಧಪಡಿಸಿದೆ.

೬

ಸಿರಿವಂತರು ತೆರದೆ ಉಳಿಸಿದ ಭಾರ ಗಾಳಿಯಲ್ಲಿ ಕರಗುವುದಿಲ್ಲ. ಅದು ಸರಕಿನ ಬೆಲೆಯೊಳಗೆ ಅಡಗಿ ಎಲ್ಲರ ಮನೆಗೂ ಬರುತ್ತದೆ. ೨೦೧೭ರ ಜುಲೈ ೧ರಿಂದ ಜಾರಿಯಲ್ಲಿರುವ ಸರಕು ಮತ್ತು ಸೇವಾ ತೆರಿಗೆ ಕೊಳ್ಳುವವನ ಮುಖವನ್ನು ನೋಡುವುದಿಲ್ಲ. ವಸ್ತುವನ್ನು ಮಾತ್ರ ನೋಡುತ್ತದೆ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ತಿಂಗಳಿಗೆ ೧೫ ಸಾವಿರ ಗಳಿಸುವ ಕೂಲಿಕಾರನು ಗಳಿಸಿದುದೆಲ್ಲವನ್ನೂ ಖರ್ಚುಮಾಡುತ್ತಾನೆ. ೧೫ ಲಕ್ಷ ಗಳಿಸುವವನು ೩ ಲಕ್ಷ ಖರ್ಚುಮಾಡುತ್ತಾನೆ. ಖರ್ಚಿನಲ್ಲಿ ಸರಾಸರಿ ಹತ್ತರಲ್ಲೊಂದು ಪಾಲು ತೆರಿಗೆಯೆಂದಿಟ್ಟುಕೊಂಡರೆ ಮೊದಲನೆಯವನು ತೆತ್ತುದು ೧,೫೦೦ ರೂಪಾಯಿ, ಎರಡನೆಯವನು ತೆತ್ತುದು ೩೦,೦೦೦. ಮೊತ್ತವನ್ನು ನೋಡಿದರೆ ಧನಿಕನದು ಇಪ್ಪತ್ತು ಪಟ್ಟು. ಗಳಿಕೆಯಲ್ಲಿನ ಪಾಲನ್ನು ನೋಡಿದರೆ ಕೂಲಿಕಾರನದು ನೂರಕ್ಕೆ ಹತ್ತು, ಧನಿಕನದು ನೂರಕ್ಕೆ ಎರಡು. ದುಂಬಿಯ ಉಪಮೆ ಮರೆಸಿದ ವ್ಯತ್ಯಾಸ ಇದೇ. ಆದಾಯ ಮತ್ತು ಸಂಪತ್ತಿನ ಮೇಲಿನ ನೇರ ತೆರಿಗೆ ಮೇಲಕ್ಕೆ ಹೋದಂತೆ ಏರದಿದ್ದರೆ ಈ ಓರೆಯನ್ನು ಸರಿಪಡಿಸುವ ಬೇರೆ ದಾರಿಯಿಲ್ಲ.

ಈ ಸಂದರ್ಭದಲ್ಲಿ ಕರ್ನಾಟಕದ ಒಂದು ಯೋಜನೆಯ ಹೆಸರು ವಿಮರ್ಶಕನ ಗಮನಕ್ಕೆ ಅರ್ಹವಾಗಿದೆ. ಶಾಲೆಗಳಲ್ಲಿ ಬೇಯಿಸಿದ ಊಟವನ್ನು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೦೧ರ ನವೆಂಬರಿನಲ್ಲಿ ರಾಜ್ಯಗಳಿಗೆ ಆದೇಶಿಸಿತು. ಕರ್ನಾಟಕ ಸರ್ಕಾರ ೨೦೦೨ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅದನ್ನು ಆರಂಭಿಸಿ, ಮರುವರ್ಷ ಉಳಿದ ಜಿಲ್ಲೆಗಳಿಗೆ ವಿಸ್ತರಿಸಿತು. ಅದಕ್ಕೆ ಇಟ್ಟ ಹೆಸರು ‘ಅಕ್ಷರ ದಾಸೋಹ’. ಶರಣರ ಮಾತೊಂದು ಸರ್ಕಾರದ ಆಯವ್ಯಯದ ಶೀರ್ಷಿಕೆಯಾದುದು ಸಣ್ಣ ಸಂಗತಿಯಲ್ಲ. ಆದರೆ ಈ ದಾಸೋಹದ ದಾಸೋಹಿ ಯಾರು? ಪ್ರಾಥಮಿಕ ಶಿಕ್ಷಣಕ್ಕೂ ಮಧ್ಯಾಹ್ನದ ಊಟಕ್ಕೂ ಹಣ ಒದಗಿಸಲೆಂದು ಕೇಂದ್ರ ಸರ್ಕಾರವು ೨೦೦೪ರಲ್ಲಿ ತನ್ನ ತೆರಿಗೆಗಳ ಮೇಲೆ ಶೇಕಡಾ ೨ರ ಶಿಕ್ಷಣ ಉಪಕರವನ್ನು ವಿಧಿಸಿತು. ಅದು ಆದಾಯ ತೆರಿಗೆಯ ಮೇಲೂ ಇತ್ತು, ಅಬಕಾರಿ ಸುಂಕದ ಮೇಲೂ ಇತ್ತು. ಕಾರ್ಖಾನೆಯ ಒಡೆಯನೂ ಅದಕ್ಕೆ ತೆತ್ತನು. ಅಂಗಡಿಯಲ್ಲಿ ಸಾಬೂನು ಕೊಂಡ ತಾಯಿಯೂ ತೆತ್ತಳು. ತನ್ನ ಮಗು ಶಾಲೆಯಲ್ಲಿ ಉಣ್ಣುವ ಅನ್ನಕ್ಕೆ ಅವಳೂ ಪಾಲುದಾರಳು. ಆದುದರಿಂದ ಸರ್ಕಾರಿ ಶಾಲೆಯ ಊಟವನ್ನು ಉಳ್ಳವರು ಇಲ್ಲದವರಿಗೆ ಇಕ್ಕಿದ ಭಿಕ್ಷೆಯೆಂದು ತಿಳಿಯುವುದು ಅವಿಚಾರ. ಇಲ್ಲಿ ಉಳಿದಿರುವ ಪ್ರಶ್ನೆ ಒಂದೇ: ಸಾಬೂನು ಕೊಂಡವಳು ತನ್ನ ಶಕ್ತಿಗೆ ಮೀರಿ ತೆತ್ತಿದ್ದಾಳೆ, ಕಾರ್ಖಾನೆಯ ಒಡೆಯನು ತನ್ನ ಶಕ್ತಿಗೆ ತಕ್ಕಷ್ಟಾದರೂ ತೆತ್ತಿದ್ದಾನೆಯೇ?

ಕೊನೆಯ ಪೂರ್ವಪಕ್ಷವೊಂದು ಉಳಿದಿದೆ. ಸರ್ಕಾರ ಹಣವನ್ನು ಪೋಲುಮಾಡುತ್ತದೆ, ಆದುದರಿಂದ ಕೊಡಬಾರದು ಎಂಬುದು. ಪೋಲು ನಡೆಯುತ್ತದೆಂಬುದು ನಿಜ. ಔಷಧಿಯಿಲ್ಲದ ಆಸ್ಪತ್ರೆಗಳನ್ನೂ ಸೋರುವ ಶಾಲೆಗಳನ್ನೂ ನಾವೆಲ್ಲರೂ ಕಂಡಿದ್ದೇವೆ. ಆದರೆ ಆ ಆಸ್ಪತ್ರೆಯನ್ನು ಬಿಟ್ಟು ಬೇರೆಡೆಗೆ ಹೋಗಬಲ್ಲವನು ಸಿರಿವಂತ, ಹೋಗಲಾರದವನು ಬಡವ. ಪೋಲಿನ ನೆಪದಿಂದ ತೆರಿಗೆ ನಿಂತರೆ ದಂಡನೆಯಾಗುವುದು ಪೋಲುಮಾಡಿದವನಿಗಲ್ಲ. ಕಲ್ಯಾಣದಲ್ಲಿ ಭಂಡಾರಿಯಾಗಿದ್ದ ಬಸವಣ್ಣನವರನ್ನು ಕುರಿತ ಪುರಾಣಗಳಲ್ಲಿ, ಅರಸನ ಭಂಡಾರವನ್ನು ಜಂಗಮರಿಗೆ ಸೂರೆಮಾಡಿದರೆಂಬ ಅಪವಾದ ಬಂದಾಗ ಲೆಕ್ಕವನ್ನು ನೋಡಿ ಭಂಡಾರ ತುಂಬಿರುವುದನ್ನು ಕಂಡ ಪ್ರಸಂಗವಿದೆ. ಪವಾಡದ ಅಂಶವನ್ನು ಬದಿಗಿಟ್ಟರೂ ಕಥೆಯ ವಿವೇಕ ಉಳಿಯುತ್ತದೆ. ಸಾರ್ವಜನಿಕ ಧನದ ಮೇಲೆ ಸಂಶಯ ಬಂ­ದಾಗ ಮಾಡಬೇಕಾದುದು ಲೆಕ್ಕ ಕೇಳುವುದು. ಭಂಡಾರದ ಬಾಗಿಲನ್ನು ಮುಚ್ಚುವುದಲ್ಲ. ಹೆಚ್ಚು ತೆತ್ತವನು ಹೆಚ್ಚು ಗಟ್ಟಿಯಾಗಿ ಲೆಕ್ಕ ಕೇಳಲಿ; ಆ ಲೆಕ್ಕದ ಫಲ ಎಲ್ಲರಿಗೂ ಸಲ್ಲಲಿ.

ಒಟ್ಟಿನಲ್ಲಿ, ಸಿರಿವಂತರು ಈಗ ತೆರುವುದಕ್ಕಿಂತ ಹೆಚ್ಚಿನ ಪಾಲನ್ನು ತೆರಬೇಕೆಂಬುದೇ ಈ ವಿವೇಚನೆಯಿಂದ ಹೊರಡುವ ನಿರ್ಣಯ. ಸಾಮಾನ್ಯರ ಮನೆ, ಸಣ್ಣ ಹಿಡುವಳಿಗಳನ್ನು ಮುಟ್ಟದಷ್ಟು ಎತ್ತರದ ಮಿತಿಯನ್ನಿಟ್ಟು ದೊಡ್ಡ ಬಳುವಳಿಗಳ ಮೇಲೆ ಮಿತವಾದ ತೆರಿಗೆ, ದುಡಿಮೆಯ ಗಳಿಕೆಗೂ ಬಂಡವಾಳದ ಗಳಿಕೆಗೂ ಸಮೀಪದ ದರ, ವಿನಾಯಿತಿಗಳ ಕಠಿಣ ಪರಿಶೀಲನೆ, ವೆಚ್ಚದ ಬಹಿರಂಗ ಲೆಕ್ಕ ಇವು ಅದರ ಅಂಗಗಳು. ದುಂಬಿಯ ಮೃದುತ್ವವೂ ಸೂರ್ಯನ ಮರುದಾನವೂ ತೆರಿಗೆಗೆ ಬೇಕಾದ ಗುಣಗಳೇ. ಆದರೆ ಯಾರು ಎಷ್ಟು ಎಂಬುದನ್ನು ಅವು ಹೇಳಲಾರವು. ಅದನ್ನು ಹೇಳುವುದು ಬಿತ್ತುವಟ್ಟದ ನ್ಯಾಯ. ಕೆರೆಯ ನೀರುಂಡವನು ಬೆಳೆದಷ್ಟಕ್ಕೆ ತಕ್ಕಂತೆ ಕೆರೆಗೆ ಕೊಡಬೇಕು. ಇದು ಅವನ ಔದಾರ್ಯವಲ್ಲ, ಅವನಿಗೆ ವಿಧಿಸಿದ ದಂಡವೂ ಅಲ್ಲ, ನೀರುಂಡ ಋಣ.